ವಿಜಯಪುರಿಯ ಕ್ರೀಡಾಂಗಣ: ಒಂದು ಅಧ್ಯಯನ

ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ತನ್ನೊಳಗೆ ಸೇರಿಸಿಕೊಂಡು ಪೂರ್ವಕ್ಕೆ ಸಾಗುವ ಕೃಷ್ಣಾ ನದಿಯು ಮುಂದೆ ಭೀಮೆಯನ್ನೂ ತುಂಗಭದ್ರೆಯನ್ನೂ ಕೂಡಿಕೊಂಡು, ನಲ್ಲಮಲೆಯ ಗಿರಿಪಂಕ್ತಿಗಳ ನಡುವೆ ದಾರಿಮಾಡಿಕೊಂಡು, ಶ್ರೀಶೈಲದ ಅಡಿಯಲ್ಲಿ ಹರಿಯುತ್ತದೆ. ಅಲ್ಲಮಪ್ರಭು, ಅಕ್ಕಮಹಾದೇವಿಯರ ಸ್ಮರಣೆಯಿಂದ ಶರಣಪರಂಪರೆಯವರಿಗೆಲ್ಲ ಪವಿತ್ರವಾದ ಆ ಕ್ಷೇತ್ರವನ್ನು ದಾಟಿ ನದಿಯು ಇನ್ನೂ ಕೆಳಗಿಳಿದಾಗ, ಮೂರು ಕಡೆ ಬೆಟ್ಟಗಳಿಂದಲೂ ನಾಲ್ಕನೆಯ ಕಡೆ ನದಿಯಿಂದಲೂ ಆವೃತವಾದ ಒಂದು ಕಣಿವೆಯಿತ್ತು. ಈಗ ಅಲ್ಲಿರುವುದು ನಾಗಾರ್ಜುನಸಾಗರದ ಜಲರಾಶಿ. ನೀರಿನಿಂದ ತಲೆಯೆತ್ತಿ ನಿಂತ ಬೆಟ್ಟವೊಂದು ದ್ವೀಪವಾಗಿ ಉಳಿದಿದೆ. ಅದೇ ನಾಗಾರ್ಜುನಕೊಂಡ. ಆಂಧ್ರಪ್ರದೇಶದ ಪಲ್ನಾಡು ಜಿಲ್ಲೆಗೆ ಸೇರಿದ ಈ ಸ್ಥಳವನ್ನು ಪ್ರಾಚೀನ ಶಾಸನಗಳು ಶ್ರೀಪರ್ವತವೆಂದೂ ವಿಜಯಪುರಿಯೆಂದೂ ಕರೆದಿವೆ.

ನಾಗಾರ್ಜುನಕೊಂಡವೆಂದೊಡನೆ ಸ್ತೂಪ, ಚೈತ್ಯ, ವಿಹಾರಗಳೂ ಸುಣ್ಣಕಲ್ಲಿನ ಸುಂದರ ಶಿಲ್ಪಗಳೂ ನೆನಪಿಗೆ ಬರುವುದು ಸಹಜ. ಆದರೆ ಅದೇ ನಗರದಲ್ಲಿ ದೇವರ ಪೂಜೆಗೂ ಅಲ್ಲದ, ಅರಸನ ವಾಸಕ್ಕೂ ಅಲ್ಲದ, ಜನರು ಕುಳಿತು ನೋಡುವುದಕ್ಕಾಗಿಯೇ ಕಟ್ಟಲಾದ ಒಂದು ಪುಟ್ಟ ಕ್ರೀಡಾಂಗಣವೂ ಇತ್ತೆಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಆ ಕಟ್ಟಡದ ರಚನೆಯನ್ನೂ ಅದರ ಹಿಂದಿನ ಸಂಪ್ರದಾಯವನ್ನೂ, ಅದು ಮುಳುಗಿ ಮತ್ತೆ ಎದ್ದ ಬಗೆಯನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಗರ ಮತ್ತು ಕಾಲ

ಶಾತವಾಹನರ ಪ್ರಾಬಲ್ಯ ಕುಂದಿದ ಬಳಿಕ, ಕ್ರಿ.ಶ. ಮೂರನೆಯ ಶತಮಾನದಲ್ಲಿ ಕೃಷ್ಣಾ ನದಿಯ ಕೆಳದಂಡೆಯ ನಾಡನ್ನು ಇಕ್ಷ್ವಾಕು ವಂಶದವರು ಆಳಿದರು. ವಾಸಿಷ್ಠೀಪುತ್ರ ಚಾಂತಮೂಲನು ಈ ವಂಶದ ಮೊದಲ ಪ್ರಮುಖ ದೊರೆ. ಅಶ್ವಮೇಧ, ವಾಜಪೇಯಾದಿ ಯಾಗಗಳನ್ನು ನೆರವೇರಿಸಿದ ವೈದಿಕಧರ್ಮಾನುಯಾಯಿ. ಅವನ ಮಗ ವೀರಪುರುಷದತ್ತನ ಕಾಲದಲ್ಲಿ ಬೌದ್ಧಸಂಘಗಳಿಗೆ ಅಪಾರವಾದ ದಾನಗಳು ಸಂದವು. ಮೊಮ್ಮಗ ಎಹುವಲ ಚಾಂತಮೂಲನ ಕಾಲದಲ್ಲಿ ಬೌದ್ಧವಿಹಾರಗಳೂ ದೇವಾಲಯಗಳೂ ಒಂದೇ ಕಣಿವೆಯಲ್ಲಿ ಅಕ್ಕಪಕ್ಕದಲ್ಲಿ ಬೆಳೆದವು. ನಾಲ್ಕನೆಯ ಶತಮಾನದ ಆದಿಭಾಗದ ಹೊತ್ತಿಗೆ ಈ ವಂಶದ ಆಳ್ವಿಕೆ ಮುಗಿಯಿತು. ಸುಮಾರು ನೂರು ವರ್ಷಗಳ ಅವಧಿಯಲ್ಲಿ ಇಷ್ಟೊಂದು ನಿರ್ಮಾಣಕಾರ್ಯ ನಡೆದ ನಗರಗಳು ದಕ್ಷಿಣದಲ್ಲಿ ವಿರಳ.

ಈ ನಗರಕ್ಕೂ ಕನ್ನಡನಾಡಿಗೂ ಸಂಬಂಧವಿತ್ತೆಂಬುದು ಶಾಸನಗಳಿಂದ ಸ್ಪಷ್ಟವಾಗುತ್ತದೆ. ವೀರಪುರುಷದತ್ತನ ಮಗಳಾದ ಕೊಡಬಲಿಶ್ರೀಯು ಬನವಾಸಿಯ ಮಹಾರಾಜನ ರಾಣಿಯಾಗಿದ್ದಳು. ತನ್ನ ಸೋದರ ಎಹುವಲ ಚಾಂತಮೂಲನ ಆಳ್ವಿಕೆಯ 11ನೆಯ ವರ್ಷದಲ್ಲಿ ಆಕೆ ತವರಿನ ನಗರದಲ್ಲಿ ಮಹೀಶಾಸಕ ಪಂಥದ ಆಚಾರ್ಯರಿಗಾಗಿ ವಿಹಾರವೊಂದನ್ನು ಕಟ್ಟಿಸಿಕೊಟ್ಟಳು. ಬನವಾಸಿಗೆ ಸೊಸೆಯಾಗಿ ಬಂದವಳು ತವರಿನ ವಿದ್ಯಾಕೇಂದ್ರವನ್ನು ಮರೆಯಲಿಲ್ಲ. ಸಿಂಹಳದ ಭಿಕ್ಷುಗಳಿಗೂ ಇಲ್ಲಿ ನೆಲೆಯಿತ್ತು. ರೋಮನರ ಚಿನ್ನದ ನಾಣ್ಯಗಳೂ ಈ ಕಣಿವೆಯಲ್ಲಿ ದೊರೆತಿವೆ. ನದಿಯ ದಡದಲ್ಲಿ ಸೋಪಾನಘಟ್ಟಗಳು, ಕೋಟೆಯೊಳಗೆ ಯಾಗಕ್ಕೆ ಸಂಬಂಧಿಸಿದ ಕೊಳ, ಬೀದಿಗಳು, ವಸತಿಗಳು, ಇವೆಲ್ಲವೂ ಇದ್ದ ಸಮೃದ್ಧ ನಗರದ ಒಂದು ಅಂಗವಾಗಿ ಈ ಕ್ರೀಡಾಂಗಣವನ್ನು ಭಾವಿಸಬೇಕು.

ಕ್ರೀಡಾಂಗಣದ ರಚನೆ

ಕಟ್ಟಡದ ನಡುವಣ ಅಂಗಳವು ಆಯತಾಕಾರವಾದದ್ದು. ಅದರ ಉದ್ದ ಸುಮಾರು 54 ಅಡಿ, ಅಗಲ ಸುಮಾರು 45 ಅಡಿ. ಅಂಗಳದ ನಾಲ್ಕೂ ಕಡೆಗಳಲ್ಲಿ ಮೆಟ್ಟಿಲುಮೆಟ್ಟಿಲಾಗಿ ಏರುವ ಆಸನಪಂಕ್ತಿಗಳಿವೆ. ಪ್ರತಿಯೊಂದು ಮೆಟ್ಟಿಲಿನ ಅಗಲ ಸುಮಾರು 2 ಅಡಿ. ಒಳಗಿನ ಕಟ್ಟಡ ಸುಟ್ಟ ಇಟ್ಟಿಗೆಯದು. ಮೇಲೆ ನಮ್ಮ ಮನೆಗಳ ಅಡುಗೆಕಟ್ಟೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಕಡಪ ಕಲ್ಲಿನ ಜಾತಿಯ ಚಪ್ಪಡಿಗಳ ಹೊದಿಕೆ. ಪಶ್ಚಿಮದ ಕಡೆ ಮೇಲ್ಭಾಗದಲ್ಲಿ ಗಣ್ಯರಿಗೆಂದು ಒಂದು ಮಂಟಪವಿತ್ತು. ಸುಮಾರು ಸಾವಿರ ಜನ ಕುಳಿತು ನೋಡಬಹುದಾದ ರಚನೆ ಇದೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ.

ಈ ಅಂದಾಜು ಸಾಧುವೇ ಎಂಬುದನ್ನು ಸರಳ ಗಣಿತದಿಂದ ಪರೀಕ್ಷಿಸಬಹುದು. ಅಂಗಳದ ಸುತ್ತಳತೆ 198 ಅಡಿ. ಒಬ್ಬನಿಗೆ ಒಂದು ಮೊಳ, ಎಂದರೆ ಒಂದೂವರೆ ಅಡಿ ಸ್ಥಳವೆಂದು ಎಣಿಸಿದರೆ ಮೊದಲ ಮೆಟ್ಟಿಲಿನಲ್ಲಿಯೇ ಸುಮಾರು 130 ಜನರಿಗೆ ಅವಕಾಶವಾಗುತ್ತದೆ. ಮೆಟ್ಟಿಲಿನ ಅಗಲ 2 ಅಡಿಯಾದ್ದರಿಂದ ಒಂದೊಂದು ಮೆಟ್ಟಿಲು ಮೇಲೇರಿದಂತೆ ಸುತ್ತಳತೆ 16 ಅಡಿ ಹೆಚ್ಚುತ್ತದೆ. ಎಂದರೆ ಇನ್ನೂ ಹತ್ತು ಜನರಿಗೆ ಎಡೆ ದೊರೆಯುತ್ತದೆ. ಹೀಗೆ ಆರೇಳು ಮೆಟ್ಟಿಲುಗಳಲ್ಲಿ ಸಾವಿರ ಜನ ಅಡಕವಾಗುತ್ತಾರೆ. ಈ ಲೆಕ್ಕದಂತೆ ಎಲ್ಲಕ್ಕಿಂತ ಮೇಲಿನ ಸಾಲಿನ ನಡುವೆ ಕುಳಿತವನಿಗೂ ಅಂಗಳದ ಮಧ್ಯಬಿಂದುವು ಸುಮಾರು ನಲವತ್ತು ಅಡಿಗಿಂತ ದೂರವಾಗದು. ಆಟಗಾರನ ಮುಖಭಾವವನ್ನೂ ಅವನ ಉಸಿರಿನ ಏರಿಳಿತವನ್ನೂ ಕಾಣಬಹುದಾದ ಅಂತರವಿದು. ನೋಡುವವನಿಗೂ ಆಡುವವನಿಗೂ ನಡುವೆ ಗುರುತು ಪರಿಚಯ ಅಳಿಯದಷ್ಟು ಸಾಮೀಪ್ಯವನ್ನು ಕಾಯ್ದುಕೊಂಡದ್ದು ಈ ಕಟ್ಟಡದ ಮುಖ್ಯ ಗುಣ. ರೋಮಿನ ಪ್ರಸಿದ್ಧ ಕೊಲೋಸಿಯಂ ರಂಗಕ್ಕೆ ಹೋಲಿಸಿದರೆ ಈ ಭೇದ ಇನ್ನೂ ಸ್ಪಷ್ಟವಾಗುತ್ತದೆ. ಆ ಕಟ್ಟಡದ ಹೊರಗಿನ ಉದ್ದ ಸುಮಾರು 188 ಮೀಟರು, ಅಗಲ 156 ಮೀಟರು. ಅಲ್ಲಿ ಜನಸ್ತೋಮವೇ ದೃಶ್ಯ, ಇಲ್ಲಿ ಮನುಷ್ಯ.

ವಿಜಯಪುರಿಯಲ್ಲಿ ರೋಮನ್ ನಾಣ್ಯಗಳು ದೊರೆತಿರುವುದರಿಂದ ಈ ರಂಗದ ಕಲ್ಪನೆಯೂ ಪಶ್ಚಿಮದಿಂದ ಬಂದದ್ದಿರಬಹುದೇ ಎಂಬ ಪ್ರಶ್ನೆ ಏಳುವುದುಂಟು. ವ್ಯಾಪಾರಸಂಪರ್ಕದಿಂದ ಕಲ್ಪನೆಗಳು ಸಂಚರಿಸುವುದು ಅಸಂಭವವೇನೂ ಅಲ್ಲ. ಆದರೆ ರೋಮನರ ರಂಗ ಅಂಡಾಕಾರದ್ದು, ಗ್ರೀಕರ ನಾಟಕರಂಗ ಅರ್ಧವರ್ತುಲವನ್ನು ಹೋಲುವಂಥದು, ಒಲಿಂಪಿಯದ ಓಟದ ಅಂಗಣ 192 ಮೀಟರು ಉದ್ದದ ನೀಳವಾದ ಪಟ್ಟಿ. ವಿಜಯಪುರಿಯದು ಇವು ಯಾವುದನ್ನೂ ಹೋಲದ ಆಯತ. ನಾಲ್ಕೂ ಕಡೆಯಿಂದ ಪಾವಟಿಗೆಗಳು ಇಳಿದುಬರುವ ಆಯತಾಕಾರದ ರಚನೆಯು ನಮ್ಮವರಿಗೆ ಅಪರಿಚಿತವಾದದ್ದಲ್ಲ. ನಮ್ಮ ಪುಷ್ಕರಣಿಗಳ ಆಕಾರವೇ ಅದು. ಅದೇ ನಗರದಲ್ಲಿ ನದಿಗೆ ಸೋಪಾನಘಟ್ಟಗಳನ್ನು ಕಟ್ಟಿದ ಕುಶಲಿಗಳಿಗೆ, ನೀರಿಲ್ಲದ ಕಲ್ಯಾಣಿಯಂತಹ ಈ ಅಂಗಣವನ್ನು ಕಟ್ಟಲು ಪರದೇಶದ ಮಾದರಿ ಬೇಕೇ ಬೇಕಾಗಿತ್ತೆಂದು ಹೇಳಲಾಗದು. ನೆಲದ ಮಟ್ಟ, ಇಟ್ಟಿಗೆಯ ಸಾಲು, ಮೇಲುಹೊದಿಕೆಯ ಚಪ್ಪಡಿ, ಈ ಮೂರರ ಜ್ಞಾನವೂ ಸ್ಥಳೀಯ ಕುಶಲಿಗಳಲ್ಲಿ ಸಿದ್ಧವಾಗಿತ್ತು.

ಗ್ರಂಥಗಳ ಸಾಕ್ಷ್ಯ

ಪ್ರೇಕ್ಷಕರಿಗಾಗಿ ಸ್ಥಳವನ್ನು ಅಳೆದು, ಆಸನಗಳನ್ನು ರಚಿಸುವ ಸಂಪ್ರದಾಯ ನಮ್ಮ ಪ್ರಾಚೀನ ಗ್ರಂಥಗಳಲ್ಲಿಯೂ ಕಾಣುತ್ತದೆ. ಮಹಾಭಾರತದ ಆದಿಪರ್ವದಲ್ಲಿ ದ್ರೋಣಾಚಾರ್ಯರು ರಾಜಕುಮಾರರ ವಿದ್ಯಾಪ್ರದರ್ಶನಕ್ಕಾಗಿ ರಂಗಭೂಮಿಯನ್ನು ಸಿದ್ಧಗೊಳಿಸುವ ಪ್ರಸಂಗವಿದೆ. ಆಚಾರ್ಯರು ಸ್ವತಃ ನೆಲವನ್ನು ಅಳೆಯಿಸುತ್ತಾರೆ. ಆ ನೆಲವು ಸಮತಟ್ಟಾಗಿ, ಮರಗಿಡಗಳಿಲ್ಲದೆ, ಪೊದೆಗಳಿಲ್ಲದೆ, ಉತ್ತರಕ್ಕೆ ತುಸು ಇಳಿಜಾರಾಗಿದ್ದಿತೆಂದು ವ್ಯಾಸರು ವರ್ಣಿಸುತ್ತಾರೆ. ಶಿಲ್ಪಿಗಳು ಅರಸನಿಗೂ ಅಂತಃಪುರದ ಸ್ತ್ರೀಯರಿಗೂ ಪ್ರೇಕ್ಷಾಗಾರವನ್ನು ಕಟ್ಟುತ್ತಾರೆ. ನಾಡಿನ ಜನರು ತಮ್ಮ ತಮ್ಮ ವೆಚ್ಚದಲ್ಲಿ ಎತ್ತರವಾದ ಮಂಚಗಳನ್ನು ಹಾಕಿಸಿಕೊಳ್ಳುತ್ತಾರೆ. ಕ್ರೀಡಾಂಗಣಕ್ಕೆ ಬೇಕಾದ ಮೂರು ಅಂಶಗಳೂ ಈ ಪುಟ್ಟ ವರ್ಣನೆಯಲ್ಲಿ ಅಡಗಿವೆ: ನೀರು ನಿಲ್ಲದಂತಹ ನೆಲವನ್ನು ಗುರು ಆರಿಸುವುದು, ಆಳುವವರ ಸಹಾಯ, ಜನತೆಯ ಪಾಲು. ಅಲ್ಲಿ ಮರದ ಮಂಚಗಳಾಗಿ ಒಂದು ದಿನದ ಉತ್ಸವಕ್ಕೆ ನಿಂತದ್ದು ವಿಜಯಪುರಿಯಲ್ಲಿ ಇಟ್ಟಿಗೆ ಕಲ್ಲುಗಳಾಗಿ ಸ್ಥಿರರೂಪವನ್ನು ತಾಳಿತೆನ್ನಬಹುದು.

ಅದೇ ರಂಗಭೂಮಿಯಲ್ಲಿಯೇ ಕರ್ಣನ ಕುಲವನ್ನು ಕೃಪಾಚಾರ್ಯರು ವಿಚಾರಿಸುವ ಪ್ರಸಂಗವೂ ಬರುತ್ತದೆ. ಅರ್ಜುನನ ಸಮಕ್ಕೆ ನಿಲ್ಲಬಲ್ಲ ವೀರನನ್ನು ಹುಟ್ಟಿನ ಪ್ರಶ್ನೆಯಿಂದ ತಡೆಯಲಾಯಿತು. ಕ್ರಿ.ಶ. 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ರಚಿಸಿದ ಪಂಪನು ಈ ಸಂದರ್ಭದಲ್ಲಿ ದುರ್ಯೋಧನನ ಬಾಯಿಂದ ಆಡಿಸಿದ ಉತ್ತರ ಕನ್ನಡಿಗರಿಗೆ ಸುಪರಿಚಿತವಾಗಿದೆ. ನೆಲವನ್ನು ಎಷ್ಟು ಅಚ್ಚುಕಟ್ಟಾಗಿ ಅಳೆದರೂ ಅದರೊಳಗೆ ಕಾಲಿಡುವವನ ಕುಲವನ್ನು ಕೇಳಿದರೆ ಆ ಅಂಗಣ ಕೆಟ್ಟಿತೆಂಬ ಎಚ್ಚರ ಆ ಪ್ರಸಂಗದಲ್ಲಿದೆ. ಕ್ರೀಡಾಂಗಣದ ಇತಿಹಾಸವನ್ನು ಅಧ್ಯಯನ ಮಾಡುವವರು ಅದರ ಅಳತೆಯೊಡನೆ ಈ ಎಚ್ಚರವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಭರತಮುನಿಯ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯವು ನಾಟ್ಯಮಂಟಪದ ಲಕ್ಷಣವನ್ನು ನಿರೂಪಿಸುವಾಗ, ಪ್ರೇಕ್ಷಕರ ಆಸನಗಳನ್ನು ಇಟ್ಟಿಗೆ ಮತ್ತು ಮರಗಳಿಂದ ಸೋಪಾನದ ಆಕಾರದಲ್ಲಿ ರಚಿಸಬೇಕೆಂದು ವಿಧಿಸುತ್ತದೆ. ಮುಂದಿನವನ ತಲೆ ಹಿಂದಿನವನ ಕಣ್ಣಿಗೆ ಅಡ್ಡಬಾರದೆಂಬ ಸಾಮಾನ್ಯ ವಿವೇಕವೇ ಈ ವಿಧಿಯ ಮೂಲ. ವಿಜಯಪುರಿಯ ಇಟ್ಟಿಗೆಯ ಮೆಟ್ಟಿಲುಗಳಿಗೆ ಶಾಸ್ತ್ರದ ಬೆಂಬಲವೂ ಇತ್ತೆಂದು ಇದರಿಂದ ಊಹಿಸಬಹುದು. ಗಮನಾರ್ಹವಾದ ಇನ್ನೊಂದು ಅಂಶವೆಂದರೆ, ಅಂಗಳದ 54 ಅಡಿ ಹಾಗೂ 45 ಅಡಿಗಳನ್ನು ಒಂದೂವರೆ ಅಡಿಯ ಮೊಳಕ್ಕೆ ಪರಿವರ್ತಿಸಿದರೆ 36 ಹಾಗೂ 30 ಮೊಳಗಳಾಗುತ್ತವೆ. ಉದ್ದ ಅಗಲಗಳು ಆರಕ್ಕೆ ಐದರ ಪ್ರಮಾಣದಲ್ಲಿ ನಿಲ್ಲುತ್ತವೆ.

ಯಾವ ಆಟಕ್ಕಾಗಿ?

ಈ ಕಟ್ಟಡ ಕ್ರೀಡೆಗಾಗಿಯೋ ನಾಟ್ಯಕ್ಕಾಗಿಯೋ ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯಗಳಿವೆ. ಕೆಲವರು ಇದನ್ನು ಕ್ರೀಡಾಂಗಣವೆಂದರೆ ಕೆಲವರು ಬಯಲು ರಂಗಮಂದಿರವೆಂದು ಕರೆದಿದ್ದಾರೆ. ಕಲ್ಲಿನ ಮೆಟ್ಟಿಲುಗಳ ನಡುವೆ ಆಡಿದ ಮಾತು ಮೇಲಿನ ಸಾಲಿಗೂ ಕೇಳುವುದರಿಂದ ಗೀತನೃತ್ಯಗಳಿಗೂ ಇದು ಒಪ್ಪುವ ಸ್ಥಳವೇ. ಆದರೆ ಭರತನ ನಾಟ್ಯಮಂಟಪದಲ್ಲಿ ರಂಗಪೀಠದ ಹಿಂದೆ ನೇಪಥ್ಯಗೃಹವಿರಬೇಕು. ಪ್ರೇಕ್ಷಕರು ರಂಗಕ್ಕೆ ಅಭಿಮುಖವಾಗಿರಬೇಕು. ನಾಲ್ಕೂ ಕಡೆ ಜನ ಕುಳಿತುಕೊಳ್ಳುವ ಈ ಅಂಗಳದಲ್ಲಿ ಪಾತ್ರಧಾರಿ ಯಾವ ಕಡೆಗೆ ತಿರುಗಿದರೂ ಉಳಿದವರಿಗೆ ಬೆನ್ನು ತೋರಿಸಬೇಕಾಗುತ್ತದೆ. ಎಲ್ಲ ಕಡೆಯಿಂದಲೂ ಸಮಾನವಾಗಿ ನೋಡಬಹುದಾದದ್ದು ಮಲ್ಲಯುದ್ಧ, ಗದಾಯುದ್ಧ, ಕತ್ತಿವರಸೆ ಮೊದಲಾದ ದ್ವಂದ್ವಗಳು. ಆದುದರಿಂದ ಇದು ಪ್ರಧಾನವಾಗಿ ಮಲ್ಲರಂಗವೂ, ಉತ್ಸವಕಾಲದಲ್ಲಿ ಗೀತನೃತ್ಯಗಳ ಸ್ಥಳವೂ ಆಗಿದ್ದಿತೆಂದು ತಿಳಿಯುವುದು ಯುಕ್ತ.

ಇಂದಿನ ಅಳತೆಗಳೂ ಈ ಊಹೆಗೆ ಪುಷ್ಟಿ ಕೊಡುತ್ತವೆ. ಈಗಿನ ಅಂತಾರಾಷ್ಟ್ರೀಯ ಕುಸ್ತಿಯ ಮ್ಯಾಟು 12 ಮೀಟರು ಭುಜವುಳ್ಳ ಚೌಕ. ಅದರ ನಡುವಿನ ಸ್ಪರ್ಧಾವೃತ್ತದ ವ್ಯಾಸ 9 ಮೀಟರು. ವಿಜಯಪುರಿಯ ಅಂಗಳ ಸುಮಾರು 16.5 ಮೀಟರು ಉದ್ದ, 13.7 ಮೀಟರು ಅಗಲ. ಎಂದರೆ ಇಂದಿನ ಮ್ಯಾಟನ್ನು ಅಲ್ಲಿ ಹಾಸಿದರೆ ಅದು ಸರಿಯಾಗಿ ಹಿಡಿಸಿ, ಸುತ್ತಲೂ ತೀರ್ಪುಗಾರರು ನಡೆದಾಡುವಷ್ಟು ಎಡೆ ಉಳಿಯುತ್ತದೆ. 13 ಮೀಟರು ಉದ್ದ, 10 ಮೀಟರು ಅಗಲದ ಪುರುಷರ ಕಬಡ್ಡಿ ಅಂಕಣಕ್ಕೂ ಅಲ್ಲಿ ಸ್ಥಳವುಂಟು. ಹದಿನೇಳು ಶತಮಾನಗಳು ಕಳೆದರೂ ಇಬ್ಬರು ಮನುಷ್ಯರು ಬರಿಗೈಯಿಂದ ಸೆಣಸುವುದಕ್ಕೆ ಬೇಕಾದ ನೆಲದ ಪ್ರಮಾಣ ಹೆಚ್ಚಾಗಿ ಬದಲಾಗಿಲ್ಲ. ಮನುಷ್ಯನ ತೋಳು, ಕಾಲು, ಹೆಜ್ಜೆಗಳೇ ಅಲ್ಲಿಯೂ ಅಳತೆಗೋಲು, ಇಲ್ಲಿಯೂ ಅಳತೆಗೋಲು.

ಈ ಸಂಪ್ರದಾಯ ಇಕ್ಷ್ವಾಕುಗಳೊಡನೆ ಕೊನೆಗಾಣಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಭಾಗವೇ ಇದೆ. ಮಲ್ಲರನ್ನು ವಯಸ್ಸು, ದೇಹಪ್ರಮಾಣ, ಶಕ್ತಿಗಳಿಗೆ ಅನುಸಾರವಾಗಿ ವಿಂಗಡಿಸುವ ಕ್ರಮವನ್ನೂ ಅವರ ಆಹಾರ, ವ್ಯಾಯಾಮಗಳನ್ನೂ ಅಲ್ಲಿ ಹೇಳಿದೆ. ಹಂಪೆಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಮಲ್ಲರಿದ್ದಾರೆ. ನಮ್ಮ ಊರೂರುಗಳ ಗರಡಿಮನೆ, ಜಾತ್ರೆಯ ಕುಸ್ತಿಕಣಗಳು ಇದೇ ಪರಂಪರೆಯ ಕವಲುಗಳು. ಗರಡಿಯು ಸಾಧನೆಯ ಸ್ಥಳ, ಕಣವು ಪ್ರದರ್ಶನದ ಸ್ಥಳ. ವಿಜಯಪುರಿಯಲ್ಲಿ ಉಳಿದು ಬಂದಿರುವುದು ಎರಡನೆಯದರ ಪ್ರಾಚೀನ ರೂಪ.

ಶೋಧ, ಮುಳುಗಡೆ, ಪುನರ್ನಿರ್ಮಾಣ

ಈ ಕಣಿವೆಯ ಪ್ರಾಚೀನತೆಯನ್ನು ಆಧುನಿಕ ಜಗತ್ತಿಗೆ ತಿಳಿಸಿದ ಕೀರ್ತಿ ಒಬ್ಬ ಶಾಲಾ ಉಪಾಧ್ಯಾಯರಿಗೆ ಸಲ್ಲುತ್ತದೆ. 1926ರಲ್ಲಿ ಸೂರಪರಾಜು ವೆಂಕಟರಾಮಯ್ಯ ಎಂಬ ಸ್ಥಳೀಯ ಉಪಾಧ್ಯಾಯರು ಅಲ್ಲಿನ ಪ್ರಾಚೀನ ಕಂಬವೊಂದನ್ನು ಕಂಡು ಮದರಾಸು ಸರಕಾರದ ಗಮನಕ್ಕೆ ತಂದರು. ಅದರ ಫಲವಾಗಿ ಶಾಸನ ಇಲಾಖೆಯ ರಂಗಸ್ವಾಮಿ ಸರಸ್ವತಿಯವರು ಸ್ಥಳಪರೀಕ್ಷೆ ನಡೆಸಿದರು. ಮುಂದೆ 1927ರಿಂದ 1931ರವರೆಗೆ ಲಾಂಗ್‌ಹರ್ಸ್ಟ್ ಅವರೂ 1938ರಲ್ಲಿ ಟಿ. ಎನ್. ರಾಮಚಂದ್ರನ್ ಅವರೂ ಉತ್ಖನನ ನಡೆಸಿದರು. ನೂರಾರು ಜನ ಆ ದಾರಿಯಲ್ಲಿ ನಡೆದಿದ್ದರೂ ಕಂಬದಲ್ಲಿ ಇತಿಹಾಸವನ್ನು ಕಂಡದ್ದು ಉಪಾಧ್ಯಾಯರ ಕಣ್ಣು. ಈ ಸಂಗತಿ ಉಪಾಧ್ಯಾಯ ವೃತ್ತಿಯವರೆಲ್ಲ ಅಭಿಮಾನಪಡತಕ್ಕದ್ದು.

1955ರ ಡಿಸೆಂಬರ್ 10ರಂದು ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು ನಾಗಾರ್ಜುನಸಾಗರ ಅಣೆಕಟ್ಟೆಗೆ ಅಡಿಗಲ್ಲನ್ನಿಟ್ಟರು. ಬರಪೀಡಿತ ನಾಡಿಗೆ ನೀರುಣಿಸುವ ಆ ಮಹತ್ಕಾರ್ಯದಿಂದ ಇಡೀ ಕಣಿವೆ ಜಲಾವೃತವಾಗುವುದು ನಿಶ್ಚಿತವಾಗಿತ್ತು. ಹಳ್ಳಿಗಳ ಜನರು ಮನೆಮಾರುಗಳನ್ನು ಬಿಟ್ಟು ಏಳಬೇಕಾಯಿತು. ಅವರ ತ್ಯಾಗವನ್ನು ಮರೆತು ಅಲ್ಲಿನ ಸ್ಮಾರಕಗಳ ಕಥೆಯನ್ನು ಹೇಳುವುದು ಸಲ್ಲದು. ನೀರು ಏರುವ ಮುನ್ನ, 1954ರಿಂದ 1960ರವರೆಗೆ ಆರ್. ಸುಬ್ರಹ್ಮಣ್ಯಂ ಅವರ ನೇತೃತ್ವದಲ್ಲಿ ಕಣಿವೆಯ ಉದ್ದಗಲಕ್ಕೂ ವ್ಯಾಪಕವಾದ ಉತ್ಖನನ ನಡೆಯಿತು. ನೂರಕ್ಕೂ ಮಿಕ್ಕಿದ ನಿವೇಶನಗಳು ಬೆಳಕಿಗೆ ಬಂದವು. ಅವುಗಳಲ್ಲಿ ಆಯ್ದ ಕೆಲವನ್ನು ಬೆಟ್ಟದ ಮೇಲೆಯೂ, ದಡದಲ್ಲಿರುವ ಅನುಪು ಎಂಬಲ್ಲಿಯೂ ಪುನರ್ನಿರ್ಮಿಸಲಾಯಿತು. 1966ರಲ್ಲಿ ಬೆಟ್ಟದ ಮೇಲಿನ ವಸ್ತುಸಂಗ್ರಹಾಲಯ ಆರಂಭವಾಯಿತು. 1967ರಲ್ಲಿ ಅಣೆಕಟ್ಟೆಯ ಕಾಲುವೆಗಳಿಗೆ ನೀರು ಹರಿಯಿತು.

ಹೀಗೆ ಆಯ್ದುಕೊಂಡ ಕೆಲವೇ ಕಟ್ಟಡಗಳಲ್ಲಿ ಈ ಪುಟ್ಟ ಕ್ರೀಡಾಂಗಣವೂ ಒಂದು. ಇಂದು ಅದನ್ನು ಅನುಪುವಿನಲ್ಲಿ ಕಾಣಬಹುದು. ಸ್ತೂಪವನ್ನು ಉಳಿಸಲು ಭಕ್ತಿಯೂ ದೇವಾಲಯವನ್ನು ಉಳಿಸಲು ಶ್ರದ್ಧೆಯೂ ಒತ್ತಾಸೆಯಾಗಿರುತ್ತವೆ. ಆಟದ ಅಂಗಳಕ್ಕೆ ಅಂತಹ ಒತ್ತಾಸೆಯೇನೂ ಇಲ್ಲ. ಆದರೂ ಏನನ್ನು ಎತ್ತಿಕೊಳ್ಳಬೇಕು, ಏನನ್ನು ನೀರಿಗೆ ಬಿಡಬೇಕು ಎಂಬ ಕಠಿಣ ನಿರ್ಣಯದ ಕಾಲದಲ್ಲಿ ಆ ಅಂಗಳ ಉಳಿಸತಕ್ಕದ್ದೆಂದು ತಿಳಿದವರು ಇದ್ದರು. ಕೃಷ್ಣೆಯ ಮೇಲ್ದಂಡೆಯವರಿಗೂ ಈ ಸಂಕಟ ಅಪರಿಚಿತವಲ್ಲ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವು ನಾರಾಯಣಪುರ ಜಲಾಶಯದ ಹಿನ್ನೀರಿನಲ್ಲಿ ಮುಳುಗದಂತೆ ಸುತ್ತಲೂ ಬಾವಿಯಾಕಾರದ ಎತ್ತರದ ಗೋಡೆಯನ್ನು ಕಟ್ಟಿ ರಕ್ಷಿಸಿರುವುದನ್ನು ಎಲ್ಲರೂ ಕಂಡಿದ್ದಾರೆ. ಶ್ರೀಶೈಲ ಯೋಜನೆಯ ಕಾಲದಲ್ಲಿ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು ಕಳಚಿ ಆಲಂಪುರದಲ್ಲಿ ಮರಳಿ ಕಟ್ಟಲಾಯಿತು. ಜನರು ಯಾವುದನ್ನು ತಮ್ಮದೆಂದು ಭಾವಿಸುತ್ತಾರೋ ಅದು ನೀರನ್ನೂ ಗೆದ್ದು ನಿಲ್ಲುತ್ತದೆ.

ಈ ಅಧ್ಯಯನದ ಫಲ

ವಿದ್ಯಾಸಂಸ್ಥೆಗಳ ಇತಿಹಾಸವನ್ನು ಗಮನಿಸಿದರೆ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ವಿದ್ಯಾರ್ಥಿಗಳ ಸಂಖ್ಯೆ ಬೆಳೆದಂತೆ ಕೊಠಡಿಗಳು ಬೇಕಾಗುತ್ತವೆ. ಕೊಠಡಿಗಳಿಗೆ ನೆಲ ಬೇಕಾಗುತ್ತದೆ. ಆಗ ಎಲ್ಲರ ಕಣ್ಣೂ ಆಟದ ಬಯಲಿನ ಮೇಲೆ ಬೀಳುತ್ತದೆ. ಅಲ್ಲಿ ಗೋಡೆಯಿಲ್ಲ, ಕಂಬವಿಲ್ಲ. ಆದುದರಿಂದ ಅಲ್ಲಿ ಏನೂ ಇಲ್ಲವೆಂಬ ಭಾವನೆ ಸುಲಭವಾಗಿ ಹುಟ್ಟುತ್ತದೆ. ದಾನಿಗಳ ಹೆಸರನ್ನು ಕೆತ್ತಲು ಕೊಠಡಿಗೆ ಬಾಗಿಲಿದೆ, ಬಯಲಿಗೆ ಬಾಗಿಲಿಲ್ಲ. ಅಣೆಕಟ್ಟೆಯ ನೀರಿನಂತೆ ಕಟ್ಟಡಗಳೂ ಒಳ್ಳೆಯ ಉದ್ದೇಶದಿಂದಲೇ ಏರುತ್ತಾ ಬಂದು ಬಯಲನ್ನು ನುಂಗುತ್ತವೆ. ಹೀಗೆ ಮುಳುಗಿದ ಬಯಲನ್ನು ಎತ್ತಿ ಬೇರೆಡೆ ಇಡುವುದು ಮಾತ್ರ ಯಾರಿಂದಲೂ ಸಾಧ್ಯವಾಗದು.

ವಿಜಯಪುರಿಯ ದೃಷ್ಟಾಂತ ಇಲ್ಲಿ ಉಪಯುಕ್ತವಾಗಿದೆ. ಅದು ಯಾಗಮಾಡಿದ ಅರಸರ, ವಿಹಾರ ಕಟ್ಟಿಸಿದ ರಾಣಿಯರ, ದೂರದೇಶದ ವಿದ್ವಾಂಸರ ನಗರ. ಅಲ್ಲಿ ನೆಲಕ್ಕೆ ಬೇರೆ ಬೇಡಿಕೆಗಳಿರಲಿಲ್ಲವೆನ್ನಲಾಗದು. ಆದರೂ ಜ್ಞಾನಕ್ಕೂ ಪೂಜೆಗೂ ಸ್ಥಳವಿತ್ತ ಕಣಿವೆಯಲ್ಲಿ ದೇಹದ ವಿದ್ಯೆಗೂ ಸ್ಥಳವನ್ನು ಮೀಸಲಿಟ್ಟು, ಅದನ್ನು ಇಟ್ಟಿಗೆಯಿಂದ ಕಟ್ಟಿ, ಕಲ್ಲಿನಿಂದ ಹೊದಿಸಿದರು. ದೇಹವನ್ನೇ ದೇವಾಲಯವಾಗಿ ಕಂಡ ಶರಣರ ಮಾರ್ಗದಲ್ಲಿ ನಡೆಯುವ ವಿದ್ಯಾಸಂಸ್ಥೆಗಳಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ರೀಡಾಂಗಣವೆಂದರೆ ಲಕ್ಷಾಂತರ ರೂಪಾಯಿಗಳ ಕಾಂಕ್ರೀಟಿನ ಗ್ಯಾಲರಿಯೇ ಆಗಬೇಕೆಂಬ ನಿಯಮವೂ ಇಲ್ಲ. 54 ಅಡಿ ಉದ್ದ, 45 ಅಡಿ ಅಗಲದ ಸಮತಟ್ಟಾದ ನೆಲ, ಅದರ ಸುತ್ತ ಆರೇಳು ಮೆಟ್ಟಿಲು, ಇಷ್ಟರಲ್ಲಿಯೇ ಒಂದು ರಾಜಧಾನಿಯ ಜನ ತೃಪ್ತಿಪಟ್ಟರು. ನೀರು ನಿಲ್ಲದಂತೆ ನೆಲವನ್ನು ನೋಡಿಕೊಳ್ಳುವ ಗುರು, ಮಂಚ ಹಾಕಿಸುವ ಊರವರು, ಕುಲವನ್ನು ಕೇಳದೆ ಒಳಗೆ ಬಿಡುವ ಮನಸ್ಸು, ಇವಿದ್ದರೆ ಸಾಕು. ಶ್ರೀಶೈಲಯಾತ್ರೆಗೆ ಹೋದವರು ಇನ್ನೊಂದು ದಿನವನ್ನು ಕೂಡಿಸಿಕೊಂಡು ಅನುಪುವಿಗೂ ಹೋಗಿಬರಬಹುದು. ಉಪಾಧ್ಯಾಯರು ವಿದ್ಯಾರ್ಥಿಗಳನ್ನು ಕರೆದೊಯ್ದು ಅಲ್ಲಿನ ಮೆಟ್ಟಿಲುಗಳ ಮೇಲೆ ಕುಳ್ಳಿರಿಸಿ ಅಂಗಳವನ್ನು ಮೊಳದಿಂದ ಅಳೆಯಿಸಿದರೆ, ಗಣಿತ, ಇತಿಹಾಸ, ಶಿಲ್ಪ, ವ್ಯಾಯಾಮಗಳ ನಾಲ್ಕು ಪಾಠಗಳು ಒಂದೇ ದಿನದಲ್ಲಿ ಮನಸ್ಸಿಗೆ ಹತ್ತುತ್ತವೆ. ಮರಳಿ ಬಂದ ಮಕ್ಕಳು ತಮ್ಮ ಶಾಲೆಯ ಬಯಲನ್ನೂ ಒಮ್ಮೆ ಅಳೆದು ನೋಡಲಿ. ಆ ಅಳತೆ ಮುಂದಿನ ವರ್ಷವೂ ಅಷ್ಟೇ ಉಳಿಯುವಂತೆ ನೋಡಿಕೊಳ್ಳುವುದು ಹಿರಿಯರ ಕರ್ತವ್ಯ.